ಡಚ್ ಗಣರಾಜ್ಯದಲ್ಲಿ ಕೋಟೆ ಕಟ್ಟಿದವರ ಕೂಲಿ ಬಾಕಿ: ಹಣವಿದ್ದ ನಾಡಿನಲ್ಲಿ ಬಟವಾಡೆ ಏಕೆ ನಿಲ್ಲುತ್ತಿತ್ತು?

ಚರ್ಚೆ ತೆರೆದವರು, ಐಂಡ್‌ಹೋವನ್

ಎಲ್ಲರಿಗೂ ನಮಸ್ಕಾರ. ಊರಿನಿಂದ ಬಂದಿದ್ದ ಅಪ್ಪನನ್ನು ಕರೆದುಕೊಂಡು ಕಳೆದ ತಿಂಗಳು ಬೌರ್ಟಾಂಗೆ ಕೋಟೆಗೆ ಹೋಗಿದ್ದೆ. ನೆದರ್ಲೆಂಡ್ಸಿನ ಈಶಾನ್ಯ ಮೂಲೆಯಲ್ಲಿ, ಜರ್ಮನಿಯ ಗಡಿಗೆ ತಾಗಿಕೊಂಡಿರುವ ಐದು ಕೊತ್ತಲಗಳ ಕೋಟೆ ಅದು. ಜೌಗು ನೆಲದ ನಡುವೆ ಹಾದುಹೋಗುವ ಮರಳು ದಿಣ್ಣೆಯ ದಾರಿಯನ್ನು ತಡೆಯಲೆಂದು 1580ರಲ್ಲಿ, ಸ್ಪೇನ್ ವಿರುದ್ಧ ಬಂಡೆದ್ದ ಡಚ್ಚರ ನಾಯಕ ಆರೆಂಜಿನ ವಿಲಿಯಂ ಅದನ್ನು ಕಟ್ಟಲು ಆಜ್ಞೆ ಮಾಡಿದ. 1593ರಲ್ಲಿ ಕೆಲಸ ಮುಗಿಯಿತು. ನಮ್ಮ ಚಿತ್ರದುರ್ಗದಂತೆ ಕಲ್ಲಿನ ಕೋಟೆಯಲ್ಲ. ಕಂದಕ ತೋಡಿದ ಮಣ್ಣನ್ನೇ ಏರಿಯಾಗಿ ಎತ್ತರಿಸಿ, ಇಳಿಜಾರು ತಿದ್ದಿ, ಹುಲ್ಲಿನ ಬೇರು ಸಮೇತ ಕತ್ತರಿಸಿ ತಂದ ಹೆಂಟೆಗಳನ್ನು ಹೊದಿಸಿದ ಕೋಟೆ. ಅಪ್ಪ ಇಪ್ಪತ್ತು ವರ್ಷ ಕಾಲುವೆ ಕೆಲಸದಲ್ಲಿ ಮೇಸ್ತ್ರಿಯಾಗಿದ್ದವರು. ಏರಿಯ ಮೇಲೆ ನಿಂತು ಕಂದಕದ ಅಗಲವನ್ನು ಕಣ್ಣಳತೆಯಲ್ಲೇ ಅಂದಾಜು ಮಾಡಿ, "ಇಷ್ಟು ಮಣ್ಣು ಎತ್ತಿದವರಿಗೆ ಬಟವಾಡೆ ಸರಿಯಾಗಿ ಆಯಿತೇನಮ್ಮಾ?" ಎಂದು ಕೇಳಿದರು. ಅಲ್ಲಿನ ಫಲಕಗಳಲ್ಲಿ ರಾಜಕುಮಾರರ ಹೆಸರಿತ್ತು, ಇಂಜಿನಿಯರನ ಹೆಸರಿತ್ತು, ಫಿರಂಗಿಗಳ ವಿವರವಿತ್ತು. ಅಪ್ಪ ಕೇಳಿದ್ದಕ್ಕೆ ಉತ್ತರವಿರಲಿಲ್ಲ.

ಮನೆಗೆ ಬಂದ ಮೇಲೆ ಓದಲು ಕುಳಿತೆ. 17ನೇ ಶತಮಾನದುದ್ದಕ್ಕೂ ಕೋಟೆ ಕೆಲಸದ ಗುತ್ತಿಗೆದಾರರು ಬಾಕಿ ಹಣಕ್ಕಾಗಿ ಆಡಳಿತ ನಡೆಯುತ್ತಿದ್ದ ಹೇಗ್ ನಗರದ ಬಾಗಿಲು ಬಡಿಯುತ್ತಿದ್ದರು, ಅವರ ಹಿಂದೆ ಮಣ್ಣು ಹೊತ್ತವರು ಕೂಲಿಯಿಲ್ಲದೆ ಕಾಯುತ್ತಿದ್ದರು ಎಂಬುದು ತಿಳಿಯಿತು. ನನಗೆ ಅರ್ಥವಾಗದಿರುವುದು ಇಷ್ಟು. ಇದೇ ಕಾಲದ ಹಾಲೆಂಡ್ ಪ್ರಾಂತ್ಯ ತನ್ನ ಸಾಲಪತ್ರಗಳ ಬಡ್ಡಿಯನ್ನು 1640ರಲ್ಲಿ ಶೇಕಡಾ 6.25ರಿಂದ 5ಕ್ಕೆ, 1655ರಲ್ಲಿ 4ಕ್ಕೆ ಇಳಿಸಿತು. ಆದರೂ ಜನ ಸಾಲ ಕೊಡಲು ಹಿಂಜರಿಯಲಿಲ್ಲ. ಯುರೋಪಿನ ಎಷ್ಟೋ ದೊರೆಗಳಿಗೆ ಅಷ್ಟು ಅಗ್ಗದ ಬಡ್ಡಿಗೆ ಸಾಲ ಹುಟ್ಟುತ್ತಿರಲಿಲ್ಲ. ಅಷ್ಟು ನಂಬಿಕೆ ಗಳಿಸಿದ್ದ ನಾಡು ಗುದ್ದಲಿ ಹಿಡಿದವನ ಕೂಲಿಯನ್ನು ಏಕೆ ಬಾಕಿ ಉಳಿಸಿತು? ತಿಳಿದವರು ದಯವಿಟ್ಟು ವಿವರವಾಗಿ ಬರೆಯಬೇಕು.

ಇತಿಹಾಸ ಅಧ್ಯಾಪಕಿ, ಧಾರವಾಡ

ಒಳ್ಳೆಯ ಪ್ರಶ್ನೆ. ನಿಮ್ಮ ತಂದೆಯವರಿಗೆ ನನ್ನ ನಮಸ್ಕಾರ ತಿಳಿಸಿ. ಇದರ ಬೇರು ಹಣದ ಕೊರತೆಯಲ್ಲಿ ಇಲ್ಲ, ಹಣ ಹರಿದು ಬರುತ್ತಿದ್ದ ದಾರಿಯಲ್ಲಿದೆ.

ನಾವು ಒಂದೇ ಹೆಸರಿನಿಂದ ಕರೆಯುವ ಡಚ್ ಗಣರಾಜ್ಯ ವಾಸ್ತವದಲ್ಲಿ 7 ಪ್ರಾಂತ್ಯಗಳ ಒಕ್ಕೂಟ. ಪ್ರತಿ ಪ್ರಾಂತ್ಯಕ್ಕೂ ತನ್ನದೇ ಸಭೆ, ತನ್ನದೇ ಬೊಕ್ಕಸ, ತನ್ನದೇ ತೆರಿಗೆ. ಯುದ್ಧದ ಖರ್ಚಿಗಾಗಿ ರಾಡ್ ಫಾನ್ ಸ್ಟಾಟೆ ಎಂಬ ರಾಜ್ಯಮಂಡಳಿ ಪ್ರತಿ ವರ್ಷ ಒಂದು ಅಂದಾಜು ಪಟ್ಟಿ ತಯಾರಿಸಿ, ಸ್ಟೇಟ್ಸ್ ಜನರಲ್ ಎಂಬ ಒಕ್ಕೂಟದ ಸಭೆಯ ಮೂಲಕ ಪ್ರಾಂತ್ಯಗಳ ಮುಂದೆ ಬೇಡಿಕೆಯಾಗಿ ಇಡುತ್ತಿತ್ತು. ಪ್ರಾಂತ್ಯಗಳ ಪ್ರತಿನಿಧಿಗಳು ಅದನ್ನು ತಮ್ಮ ತಮ್ಮ ಸಭೆಗೆ ಒಯ್ದು, ಅಲ್ಲಿ ಒಪ್ಪಿಗೆ ಪಡೆದು ಮರಳಬೇಕಿತ್ತು. ಖರ್ಚಿನಲ್ಲಿ ಯಾರ ಪಾಲು ಎಷ್ಟು ಎಂಬುದು ಸುಮಾರು 1616ರ ಹೊತ್ತಿಗೆ ಗಟ್ಟಿಯಾಗಿ ನಿಂತಿತು. ಪ್ರತಿ 100 ಗಿಲ್ಡರ್‌ನಲ್ಲಿ ಹಾಲೆಂಡಿನದು ಸುಮಾರು 58, ಫ್ರೀಸ್‌ಲಾಂಡಿನದು ಸುಮಾರು 12, ಝೀಲಾಂಡಿನದು ಸುಮಾರು 9. ಉಟ್ರೆಕ್ಟ್, ಖ್ರೋನಿಂಗನ್, ಗೆಲ್ಡರ್‌ಲಾಂಡ್ ಪ್ರಾಂತ್ಯಗಳದು ತಲಾ 6ಕ್ಕಿಂತ ಕಡಿಮೆ. ಓವರೈಸೆಲ್‌ನದು 4ಕ್ಕೂ ಕಡಿಮೆ.

ಪಾಲು ಗೊತ್ತಾದ ಮಾತ್ರಕ್ಕೆ ಹಣ ಬರಲಿಲ್ಲ. ಒಪ್ಪುವುದೇ ಒಂದು ಹಂತ, ಒಪ್ಪಿದ ಮೇಲೆ ಕಳುಹಿಸುವುದು ಇನ್ನೊಂದು ಹಂತ. ಹಾಲೆಂಡ್ ಸಾಲ ಎತ್ತಿದ್ದು ತನ್ನ ಹೆಸರಿನಲ್ಲಿ, ತನ್ನ ತೆರಿಗೆಯ ಆಧಾರದ ಮೇಲೆ. ಆ ಸಾಲಪತ್ರ ಕೊಂಡವರು ಹೆಚ್ಚಾಗಿ ಅದೇ ಪ್ರಾಂತ್ಯದ ವರ್ತಕರು, ನಗರಾಧಿಕಾರಿಗಳು, ವಿಧವೆಯರು, ಅನಾಥಾಲಯಗಳು. ಅವರಿಗೆ ಬಡ್ಡಿ ತಪ್ಪಿದರೆ ಮರುದಿನವೇ ನಗರಸಭೆಯ ಅಂಗಳದಲ್ಲಿ ಗದ್ದಲ ಏಳುತ್ತದೆ. ಗಡಿಯ ಕೋಟೆಯ ಕೆಲಸ ಹಾಗಲ್ಲ. ಅದರ ಹಣ ಏಳು ಬೊಕ್ಕಸಗಳಿಂದ ಒಕ್ಕೂಟದ ಖಜಾಂಚಿಯ ಕೈಗೆ ಬರಬೇಕು, ಅಲ್ಲಿಂದ ಗುತ್ತಿಗೆದಾರನಿಗೆ, ಅಲ್ಲಿಂದ ಮೇಸ್ತ್ರಿಗೆ, ಕೊನೆಗೆ ಕೂಲಿಯವನಿಗೆ. ಹಾಲೆಂಡಿನಿಂದ ಬಂದ ಹಣ ಸಾಲದೆ, ಉಳಿದ ಪ್ರಾಂತ್ಯಗಳ ಪಾಲಿಗಾಗಿ ಕಾಯುತ್ತ ಕುಳಿತರೆ ತಿಂಗಳುಗಳು ಉರುಳುತ್ತಿದ್ದವು.

ಗುತ್ತಿಗೆದಾರ, ದಾವಣಗೆರೆ

ಮೇಡಂ ಬರೆದದ್ದನ್ನು ಓದಿ ನನ್ನ ಅನುಭವವೇ ಕಣ್ಣ ಮುಂದೆ ಬಂತು. ನಾನು ಕೆರೆ ಹೂಳೆತ್ತುವ, ಏರಿ ಬಲಪಡಿಸುವ ಕೆಲಸಗಳನ್ನು ಮಾಡಿಸುತ್ತೇನೆ. ಅವರ ಪದ್ಧತಿಯನ್ನು ಓದಿದಾಗ ನನಗೆ ಹೊಸದೆನಿಸಿದ್ದು ಬಹಳ ಕಡಿಮೆ. ಕೆಲಸದ ವಿವರ, ಷರತ್ತುಗಳನ್ನು ಬರೆದು ಬಹಿರಂಗವಾಗಿ ಟೆಂಡರ್ ಕರೆಯುತ್ತಿದ್ದರು. ಕಡಿಮೆ ಕೂಗಿದವನಿಗೆ ಕೆಲಸ. ಆತ ಜಾಮೀನುದಾರರನ್ನು ನಿಲ್ಲಿಸಬೇಕು. ಹಣ ಕಂತುಗಳಲ್ಲಿ. ಕೊನೆಯ ಕಂತು ಅಳತೆ ಆಗಿ, ಕೆಲಸ ಒಪ್ಪಿಗೆಯಾದ ಮೇಲೆ.

ಮೊದಲ ಕಂತಿನಲ್ಲಿ ಮರದ ಹಲಗೆ, ಒಂಟಿ ಚಕ್ರದ ತಳ್ಳುಗಾಡಿ, ಸಲಿಕೆ, ಕೂಲಿಕಾರರಿಗೆ ತಂಗಲು ಗುಡಿಸಲು, ಇಷ್ಟಕ್ಕೇ ಕೈ ಖಾಲಿ. ಆಮೇಲೆ ವಾರದ ಬಟವಾಡೆ ಕೈಯಿಂದ ಹೋಗಬೇಕು. ಲೆಕ್ಕಕ್ಕೆಂದು ಒಂದು ಉದಾಹರಣೆ ಹೇಳುತ್ತೇನೆ. ಶತಮಾನದ ಮಧ್ಯದಲ್ಲಿ ಪಶ್ಚಿಮದ ಪ್ರಾಂತ್ಯಗಳಲ್ಲಿ ಸಾಮಾನ್ಯ ಕೂಲಿಯವನಿಗೆ ಬೇಸಿಗೆಯ ದಿನಕ್ಕೆ ಒಂದು ಗಿಲ್ಡರ್ ಆಸುಪಾಸು ಸಿಗುತ್ತಿತ್ತು. ಒಂದು ಗಿಲ್ಡರ್ ಎಂದರೆ 20 ಸ್ಟೈವರ್. ಚಳಿಗಾಲದಲ್ಲಿ ಹಗಲು ಗಿಡ್ಡ, ಕೂಲಿಯೂ ಕಡಿಮೆ. ಬೇಸಿಗೆಯಲ್ಲಿ 60 ಆಳು ಇಟ್ಟುಕೊಂಡರೆ ಆರು ದಿನದ ವಾರಕ್ಕೆ 360 ಗಿಲ್ಡರ್, ನಾಲ್ಕು ವಾರಕ್ಕೆ 1,440 ಗಿಲ್ಡರ್. ಎರಡನೇ ಕಂತು ಎರಡು ತಿಂಗಳು ತಡವಾಯಿತೆಂದರೆ ಸಣ್ಣ ಗುತ್ತಿಗೆದಾರ ಮನೆ ಅಡವಿಡಬೇಕು, ಇಲ್ಲವೇ ಆಳುಗಳಿಗೆ "ಮುಂದಿನ ವಾರ" ಎನ್ನಬೇಕು. ಅವನು ಎರಡನೆಯದನ್ನೇ ಮಾಡುತ್ತಾನೆ. ಒಂದು ಕೆಲಸದಲ್ಲಿ ನನ್ನ ಫೈನಲ್ ಬಿಲ್ ಹದಿನಾಲ್ಕು ತಿಂಗಳು ನಿಂತಾಗ ನಾನೂ ಅದನ್ನೇ ಮಾಡಿದ್ದೇನೆ. ಆ ತಂಡ ಬಳ್ಳಾರಿ ಕಡೆಗೆ ಹೋಗಿಬಿಟ್ಟಿತು. ಬಾಕಿ ಮುಟ್ಟಿಸಲು ನಾನು ಅವರನ್ನು ಹುಡುಕಿಕೊಂಡು ಹೋದಾಗ ಅವರಲ್ಲಿ ಒಬ್ಬ ತೀರಿಕೊಂಡಿದ್ದ. ಆ ಹಣವನ್ನು ಅವನ ಹೆಂಡತಿಯ ಕೈಗೆ ಕೊಟ್ಟೆ.

ಓದುಗ, ಮೈಸೂರು

ಒಂದು ಆಕ್ಷೇಪವನ್ನು ವಿನಯದಿಂದ ಮುಂದಿಡುತ್ತೇನೆ. ಡಚ್ ಗಣರಾಜ್ಯ ತನ್ನ ಸೈನಿಕರಿಗೆ ಸಕಾಲದಲ್ಲಿ ಸಂಬಳ ಕೊಡುವುದಕ್ಕೆ ಹೆಸರಾಗಿತ್ತು ಎಂದು ಎಲ್ಲ ಕಡೆ ಓದಿದ್ದೇನೆ. ಸೈನ್ಯಕ್ಕೆ ಕೊಡಬಲ್ಲ ರಾಜ್ಯ ಕೋಟೆಯ ಕೂಲಿಗೆ ಕೊಡಲಿಲ್ಲ ಎಂಬುದು ಅತಿಶಯೋಕ್ತಿಯಲ್ಲವೇ? ಅಲ್ಲದೆ ತಡವಾಗಿ ಕೊಡುವುದಕ್ಕೂ ಕೊಡದೇ ಇರುವುದಕ್ಕೂ ವ್ಯತ್ಯಾಸವಿದೆ. ಕಡತಗಳಲ್ಲಿ ಬಾಕಿಯ ದೂರುಗಳು ಸಿಗುತ್ತವೆ ಎಂದ ಮಾತ್ರಕ್ಕೆ ಆ ಬಾಕಿ ಎಂದೂ ತೀರಲಿಲ್ಲ ಎಂದು ಹೇಳಲಾಗದು.

ಇತಿಹಾಸ ಅಧ್ಯಾಪಕಿ, ಧಾರವಾಡ

ಮೈಸೂರಿನ ಸರ್ ಎತ್ತಿದ ಆಕ್ಷೇಪ ನ್ಯಾಯವಾದದ್ದು. ಸೈನಿಕನ ಸಂಬಳ ಮತ್ತು ಕೋಟೆಯ ಕೂಲಿ ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿದಾಗಲೇ ವಿಷಯ ಸ್ಪಷ್ಟವಾಗುತ್ತದೆ ಎಂದು ನನ್ನ ಅಭಿಪ್ರಾಯ.

ಸೈನಿಕರ ವಿಷಯದಲ್ಲಿ ಡಚ್ಚರು ಕಲಿತ ಪಾಠ ರಕ್ತದಲ್ಲಿ ಬರೆದದ್ದು. ಸಂಬಳವಿಲ್ಲದೆ ಸಿಟ್ಟಾದ ಸ್ಪ್ಯಾನಿಷ್ ಸೈನಿಕರು 1576ರ ನವೆಂಬರ್‌ನಲ್ಲಿ ಆಂಟ್‌ವರ್ಪ್ ನಗರವನ್ನು ಲೂಟಿ ಮಾಡಿ ಸಾವಿರಾರು ಜನರನ್ನು ಕೊಂದರು. ಅದಾಗಿ ಹದಿಮೂರು ವರ್ಷಕ್ಕೆ, 1589ರಲ್ಲಿ, ಡಚ್ಚರ ಪಕ್ಷದಲ್ಲೇ ಇದ್ದ ಖೇರ್‌ಟ್ರೌಡನ್‌ಬೆರ್ಖ್ ಪಟ್ಟಣದ ಕಾವಲು ಪಡೆ ಸಂಬಳದ ಬಾಕಿಗಾಗಿ ದಂಗೆಯೆದ್ದು ಇಡೀ ಪಟ್ಟಣವನ್ನೇ ಶತ್ರುವಾದ ಪಾರ್ಮಾ ದೊರೆಗೆ ಒಪ್ಪಿಸಿತು. ಅದನ್ನು ಮರಳಿ ಗೆಲ್ಲಲು ಡಚ್ಚರ ದಂಡನಾಯಕ ನಸ್ಸೌನ ಮಾರಿಸ್‌ಗೆ 1593ರವರೆಗೆ ಕಾಯಬೇಕಾಯಿತು. ಹೀಗಾಗಿ ಸೈನಿಕರ ಸಂಬಳಕ್ಕೆ ಬೇರೆಯದೇ ವ್ಯವಸ್ಥೆ ಬೆಳೆಯಿತು. ಇಂತಿಂಥ ತುಕಡಿ ಇಂತಿಂಥ ಪ್ರಾಂತ್ಯದ ಪಾಲಿಗೆ ಎಂದು ಹಂಚಿಬಿಟ್ಟರು. ಆ ಪ್ರಾಂತ್ಯ ಒಕ್ಕೂಟದ ಖಜಾನೆಯನ್ನು ಬಳಸದೆ ನೇರವಾಗಿ ಆ ತುಕಡಿಗೆ ಕೊಡಬೇಕು. ಹಣ ತಡವಾದರೆ ನಡುವೆ ಸಾಲಿಸಿಟರ್‌ಗಳೆಂಬ ಲೇವಾದೇವಿದಾರರು ಇದ್ದರು. ಅವರು ತಮ್ಮ ಕೈಯಿಂದ ಕ್ಯಾಪ್ಟನ್‌ಗೆ ಮುಂಗಡ ಕೊಟ್ಟು, ಆಮೇಲೆ ಬಡ್ಡಿ ಸಮೇತ ಪ್ರಾಂತ್ಯದಿಂದ ವಸೂಲಿ ಮಾಡಿಕೊಳ್ಳುತ್ತಿದ್ದರು. ಸೈನಿಕನ "ತಿಂಗಳು" 42 ದಿನದ್ದಾಗಿತ್ತು ಎಂಬುದು ನಿಜ, ಅದರಲ್ಲೂ ಒಂದು ಬಗೆಯ ಉಳಿತಾಯವಿತ್ತು. ಆದರೆ 42ನೆಯ ದಿನ ಬಂದಾಗ ಸಾಮಾನ್ಯವಾಗಿ ಹಣವೂ ಬರುತ್ತಿತ್ತು.

ಕೋಟೆ ಕೆಲಸ ಈ ಹಂಚಿಕೆಯ ಹೊರಗೆ ಉಳಿಯಿತು. ಅದಕ್ಕೆ ಯಾವ ಒಂದು ಪ್ರಾಂತ್ಯವೂ ನೇರ ಹೊಣೆಯಲ್ಲ. ಒಕ್ಕೂಟದ ಖಜಾನೆಗೆ ನಗದು ಬಂದರೆ ಉಂಟು, ಬರದಿದ್ದರೆ ಇಲ್ಲ. ರಾಜ್ಯಮಂಡಳಿ ಗುತ್ತಿಗೆದಾರನಿಗೆ ಪಾವತಿ ಆದೇಶದ ಚೀಟಿ ಬರೆದು ಕೊಡುತ್ತಿತ್ತು. ಆ ಚೀಟಿಯನ್ನು ಹಿಡಿದು ಖಜಾಂಚಿಯ ಬಾಗಿಲಿಗೆ ಹೋದರೆ ಪೆಟ್ಟಿಗೆ ಖಾಲಿ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುತ್ತೇವಲ್ಲ, ಅದೇ ಸ್ಥಿತಿ. ಕಾಯಲು ಶಕ್ತಿಯಿಲ್ಲದವನು ಅಂಥ ಚೀಟಿಯನ್ನು ಕಡಿಮೆ ಬೆಲೆಗೆ ಹಣವಂತನಿಗೆ ಮಾರಿ ಕೈ ತೊಳೆದುಕೊಳ್ಳಬೇಕು. ಆ ವ್ಯತ್ಯಾಸವನ್ನು ಕೊನೆಗೆ ಭರಿಸುವವನು ಯಾರೆಂದು ದಾವಣಗೆರೆಯವರಿಗೆ ನಾನು ಹೇಳಬೇಕಾಗಿಲ್ಲ.

ತಡಕ್ಕೂ ಇಲ್ಲದ್ದಕ್ಕೂ ವ್ಯತ್ಯಾಸವಿದೆ ಎಂದಿರಿ. ಖಜಾಂಚಿಯ ಪುಸ್ತಕದಲ್ಲಿ ಇದೆ. ಜರ್ಮನಿಯ ವೆಸ್ಟ್‌ಫಾಲಿಯಾದಿಂದ ಬೇಸಿಗೆಯ ಕೆಲಸಕ್ಕೆಂದು ನಡೆದು ಬಂದ ಕೂಲಿಯವನಿಗೆ ಇಲ್ಲ. ಅವನು ಸುಗ್ಗಿಗೆ ಮುನ್ನ ಅಥವಾ ಚಳಿ ಬೀಳುವ ಮುನ್ನ ಮನೆಗೆ ಹೊರಡಲೇಬೇಕು. ಮುಂದಿನ ವಸಂತದಲ್ಲಿ ಗುತ್ತಿಗೆದಾರನಿಗೆ ಹಣ ಸಿಕ್ಕಿತು ಎಂದುಕೊಳ್ಳೋಣ. ಆ ಮನುಷ್ಯನನ್ನು ಯಾವ ಹಳ್ಳಿಯಲ್ಲಿ ಹುಡುಕುವುದು? ದಾವಣಗೆರೆಯವರು ಬಳ್ಳಾರಿಯವರೆಗೆ ಹೋದರು. ಎಲ್ಲರೂ ಹೋಗುವುದಿಲ್ಲ. ರಾಜ್ಯದ ಲೆಕ್ಕದಲ್ಲಿ "ತಡ" ಎಂದಿರುವುದು ಅವನ ಮನೆಯಲ್ಲಿ "ನಷ್ಟ" ಎಂದೇ ಉಳಿಯಿತು. ಸಾಲಪತ್ರ ಕೊಂಡವನು ತಿಳಿದು, ಬಡ್ಡಿ ಮಾತಾಡಿ ಸಾಲ ಕೊಟ್ಟ. ಮಣ್ಣು ಹೊತ್ತವನು ತಾನು ಸಾಲ ಕೊಡುತ್ತಿದ್ದೇನೆಂದು ತಿಳಿಯದೆ, ಬಡ್ಡಿಯಿಲ್ಲದೆ, ಅಸಲಿನ ಭರವಸೆಯೂ ಇಲ್ಲದೆ ರಾಜ್ಯಕ್ಕೆ ಸಾಲ ಕೊಟ್ಟ. ಆ ನಾಡಿನ ಹೆಸರುವಾಸಿ ಸಾಲ ವ್ಯವಸ್ಥೆಯ ಬಗ್ಗೆ ಬರೆಯುವವರು ಈ ಸಾಲವನ್ನೂ ಲೆಕ್ಕಕ್ಕೆ ಹಿಡಿಯಬೇಕು ಎಂಬುದು ನನ್ನ ವಾದ.

ಸಿವಿಲ್ ಇಂಜಿನಿಯರ್, ಹುಬ್ಬಳ್ಳಿ

ಹಣದ ದಾರಿಯ ಬಗ್ಗೆ ಮೇಡಂ ಹೇಳಿದ ಮೇಲೆ ನಾನು ಅಳತೆಯ ಬಗ್ಗೆ ಬರೆಯುತ್ತೇನೆ. ಏಕೆಂದರೆ ಖಜಾನೆಯಲ್ಲಿ ಹಣವಿದ್ದಾಗಲೂ ಕೂಲಿ ತಡೆಹಿಡಿಯಲು ಅಳತೆಯೇ ಸಾಕಾಗುತ್ತಿತ್ತು.

ಮಣ್ಣು ಕೆಲಸವನ್ನು ಅವರು ಸ್ಖಾಖ್ಟ್ ಎಂಬ ಘನ ಅಳತೆಯಲ್ಲಿ ಲೆಕ್ಕ ಹಾಕುತ್ತಿದ್ದರು. ರೈನ್‌ಲಾಂಡಿನ ಒಂದು ಕೋಲು ಉದ್ದ, ಒಂದು ಕೋಲು ಅಗಲ, ಒಂದು ಅಡಿ ಆಳ. ಕೋಲಿಗೆ 12 ಅಡಿ. ಹಾಗಾಗಿ ಸ್ಖಾಖ್ಟ್ ಎಂದರೆ ಅವರ 144 ಘನ ಅಡಿ. ಅವರ ಅಡಿ ನಮ್ಮದಕ್ಕಿಂತ ತುಸು ದೊಡ್ಡದು, ಸುಮಾರು 31.4 ಸೆಂಟಿಮೀಟರ್. ಇಂದಿನ ಲೆಕ್ಕದಲ್ಲಿ ಒಂದು ಸ್ಖಾಖ್ಟ್ ಸುಮಾರು 4.46 ಘನ ಮೀಟರ್. ದಾವಣಗೆರೆಯವರಿಗೆ ತಿಳಿಯುವಂತೆ ಹೇಳಬೇಕೆಂದರೆ ಒಂದೂವರೆ ಬ್ರಾಸ್‌ಗಿಂತ (ಬ್ರಾಸ್ ಎಂದರೆ ನಮ್ಮ 100 ಘನ ಅಡಿ) ಸ್ವಲ್ಪ ಹೆಚ್ಚು, ತೂಕದಲ್ಲಿ ಏಳು ಟನ್ ಆಸುಪಾಸು. ಇದನ್ನು ಒಬ್ಬ ಅಗೆದು, ಇನ್ನೊಬ್ಬ ತಳ್ಳುಗಾಡಿಯಲ್ಲಿ ಹಲಗೆಯ ಮೇಲೆ ಏರಿಯವರೆಗೆ ನೂಕಿ ಸುರಿಯಬೇಕು. ದಿನಗೂಲಿಯ ಬದಲು ಹೀಗೆ ಅಳತೆಯ ಮೇಲೆ ಕೆಲಸ ಕೊಟ್ಟಾಗ ಏಳುವ ತಕರಾರು ಎಲ್ಲ ಕಾಲಕ್ಕೂ ಒಂದೇ. ಅಗೆದ ಗುಂಡಿಯನ್ನು ಅಳೆಯಬೇಕೋ, ಕಟ್ಟಿದ ಏರಿಯನ್ನು ಅಳೆಯಬೇಕೋ? ಅಗೆದಾಗ ಮಣ್ಣು ಉಬ್ಬುತ್ತದೆ, ದಮ್ಮಸು ಮಾಡಿದ ಮೇಲೆ ಕುಸಿಯುತ್ತದೆ. ಏರಿಯನ್ನು ಅಳೆದರೆ ಕೂಲಿಯವನಿಗೆ ನಷ್ಟ. ಗುಂಡಿ ಅಳೆಯಬೇಕೆಂದರೆ ಅಷ್ಟರಲ್ಲಿ ಅದು ಕಂದಕವಾಗಿ ನೀರು ತುಂಬಿಕೊಂಡಿರುತ್ತದೆ. ಹಾಲೆಂಡಿನ ನೆಲದಲ್ಲಿ ಮೂರು ಅಡಿ ಅಗೆದರೆ ನೀರು. ನಮ್ಮಲ್ಲಿ ಅಗೆತದ ನಡುವೆ ಮುಟ್ಟದೆ ಬಿಟ್ಟ ಮಣ್ಣಿನ ದಿಂಡನ್ನು ನೋಡಿ ಆಳ ಅಳೆಯುತ್ತೇವೆ. ನೀರು ನಿಂತ ಕಡೆ ಅಂಥ ದಿಂಡು ಎಷ್ಟು ದಿನ ಉಳಿದೀತು? ಇನ್ನು ಲೀಡ್, ಲಿಫ್ಟ್, ಎಂದರೆ ಎಷ್ಟು ದೂರ ಹೊತ್ತರು, ಎಷ್ಟು ಎತ್ತರಕ್ಕೆ ಏರಿಸಿದರು ಎಂಬುದರ ಜಗಳ ಬೇರೆ.

ಇಲ್ಲಿ ಸೈಮನ್ ಸ್ಟೆವಿನ್‌ನನ್ನು ನೆನೆಯಬೇಕು. ದಶಮಾಂಶವನ್ನು ಯುರೋಪಿನಲ್ಲಿ ಬಳಕೆಗೆ ತರಲು ದುಡಿದ ಗಣಿತಜ್ಞ, ಮಾರಿಸ್‌ನ ಇಂಜಿನಿಯರ್. 1600ರಲ್ಲಿ ಲೈಡನ್‌ನಲ್ಲಿ ಇಂಜಿನಿಯರುಗಳಿಗಾಗಿ ತೆರೆದ ಶಾಲೆಗೆ ಪಠ್ಯಕ್ರಮ ಹಾಕಿಕೊಟ್ಟವನು ಅವನೇ. ಅಲ್ಲಿ ಪಾಠ ನಡೆದದ್ದು ಲ್ಯಾಟಿನ್‌ನಲ್ಲಿ ಅಲ್ಲ, ಜನರ ಮಾತಾದ ಡಚ್‌ನಲ್ಲಿ. ಏರಿ, ಕಂದಕಗಳ ಘನ ಅಳತೆ ಅಲ್ಲಿಯ ಪಾಠಗಳಲ್ಲಿ ಮುಖ್ಯವಾದದ್ದು. ಬೌರ್ಟಾಂಗೆಯ ನಕ್ಷೆ ಹಾಕಿದ ಆಡ್ರಿಯಾನ್ ಆಂಟೋನಿಸ್ ಕೂಡ ಪೈ ಬೆಲೆಯನ್ನು 355/113 ಎಂದು ಕಂಡವನು. ಅಳತೆ ಬಲ್ಲವರಿಗೆ ಆ ನಾಡಿನಲ್ಲಿ ಬರವಿರಲಿಲ್ಲ. ಅಷ್ಟು ನಿಖರವಾಗಿ ಅಳೆಯಬಲ್ಲವರು ರಾಜ್ಯದ ಪರವಾಗಿ ನಿಂತಿದ್ದರು, ಕೋಲು ಹಿಡಿಯಲು ಬಾರದ ಕೂಲಿಯವರು ಇನ್ನೊಂದು ಕಡೆ ಇದ್ದರು ಎಂಬುದು ನನ್ನನ್ನು ಕಾಡುತ್ತದೆ.

ಮತ್ತೊಂದು ಮಾತು. ಹುಲ್ಲು ಹೆಂಟೆಯ ಹೊದಿಕೆ ಬೇರು ಹಿಡಿಯುವ ಮುನ್ನ ದೊಡ್ಡ ಮಳೆ ಬಂದರೆ ಇಳಿಜಾರು ಜಾರಿ ಕಂದಕಕ್ಕೆ ಬೀಳುತ್ತದೆ. ಬೇಸಿಗೆಯಲ್ಲಿ ಕಂತು ತಡವಾಗಿ ಕೆಲಸ ನಿಂತಿತೆಂದರೆ ಅರ್ಧ ಮುಗಿದ ಏರಿ ಚಳಿಗಾಲದ ಮಳೆಗೆ ಸಿಕ್ಕಿತು ಎಂದೇ ಅರ್ಥ. ಅಳತೆಗೆ ಬರುವ ಅಧಿಕಾರಿ ಉಳಿದ ಮಣ್ಣನ್ನು ಅಳೆಯುತ್ತಾನೆ, ಹೊತ್ತ ಮಣ್ಣನ್ನಲ್ಲ. ರಾಜ್ಯದ ತಡದಿಂದಾದ ಹಾನಿ ಕೂಲಿಯವನ ಲೆಕ್ಕದಲ್ಲಿ ಕಳೆಯುತ್ತದೆ.

ಓದುಗ, ಮೈಸೂರು

ಮೇಡಂ ಮತ್ತು ಇಂಜಿನಿಯರ್ ಸರ್ ಇಬ್ಬರಿಗೂ ವಂದನೆಗಳು. ತಡ ಎಂಬ ಪದವನ್ನು ನಾನು ಹಗುರವಾಗಿ ಬಳಸಿದೆ ಎಂದು ಒಪ್ಪುತ್ತೇನೆ. ಆದರೆ ಒಂದು ಪ್ರಶ್ನೆ ಉಳಿದಿದೆ. ಪ್ರಾಂತ್ಯಗಳು ತಮ್ಮ ಪಾಲು ಕೊಡದಿದ್ದಾಗ ಒಕ್ಕೂಟ ಕೈಕಟ್ಟಿ ಕುಳಿತಿತ್ತೇ?

ಚರ್ಚೆ ತೆರೆದವರು, ಐಂಡ್‌ಹೋವನ್

ಈ ಪ್ರಶ್ನೆಗೆ ನಾನು ಓದಿದ ಒಂದು ಪ್ರಸಂಗವನ್ನು ಹೇಳಬಲ್ಲೆ. ಖ್ರೋನಿಂಗನ್ ನಗರ ತನ್ನ ಪಾಲಿನ ತೆರಿಗೆ ಕೊಡಲು ಒಪ್ಪದಿದ್ದಾಗ ಸ್ಟೇಟ್ಸ್ ಜನರಲ್ 1600ರಲ್ಲಿ ಅಲ್ಲಿಗೆ ಸೈನ್ಯ ಕಳುಹಿಸಿ, ನಗರವನ್ನು ಬಗ್ಗಿಸಲೆಂದೇ ಅದರ ಅಂಚಿನಲ್ಲಿ ಒಂದು ಕೋಟೆ ಕಟ್ಟಿಸಿತು. ಅದರ ಕಾವಲು ಪಡೆಯ ಕಣ್ಣು ಹೊರಗಿನ ಶತ್ರುವಿನ ಮೇಲಿರಲಿಲ್ಲ, ನಗರದ ಮೇಲಿತ್ತು. 1607ರಲ್ಲಿ ರಾಜಿಯಾದ ಮೇಲೆ ಅದನ್ನು ಕೆಡವಿದರು. ಅಂದರೆ ಕೋಟೆಗಳಿಗೆ ಬೇಕಾದ ಹಣವನ್ನು ವಸೂಲು ಮಾಡಲು ಇನ್ನೊಂದು ಕೋಟೆ ಕಟ್ಟಬೇಕಾಯಿತು. ಕಟ್ಟಿದವರಿಗೂ ಏಳು ವರ್ಷದ ನಂತರ ಕೆಡವಿದವರಿಗೂ ಕೂಲಿ ಯಾರು ಕೊಟ್ಟರು ಎಂದು ಅಪ್ಪ ಫೋನಿನಲ್ಲಿ ಕೇಳಿದರು. ಆ ನಗರವೇ ಮುಂದಿನ ಎರಡು ದಶಕಗಳಲ್ಲಿ ತನ್ನ ಸುತ್ತ 17 ಕೊತ್ತಲಗಳ ಹೊಸ ಏರಿಯನ್ನು ಕಟ್ಟಿಕೊಂಡಿತು ಎಂಬುದನ್ನೂ ಇದರ ಜೊತೆಗೇ ಓದಿದೆ. ತಮ್ಮ ಬಾಗಿಲಿನ ಕೋಟೆಗೆ ಕೊಡುವ ಮನಸ್ಸು ದೂರದ ಗಡಿಯ ಕೋಟೆಗೆ ಬರಲಿಲ್ಲ.

ಇತಿಹಾಸ ಅಧ್ಯಾಪಕಿ, ಧಾರವಾಡ

ಹೌದು, ಅದೇ ಮಾತು ಆಮ್‌ಸ್ಟರ್‌ಡ್ಯಾಮ್‌ಗೂ ಹೊಂದುತ್ತದೆ. 1613ರಿಂದ ನಗರ ಹಿಗ್ಗಿದಾಗಲೂ, 1660ರ ದಶಕದಲ್ಲಿ ಮತ್ತೆ ಹಿಗ್ಗಿ 26 ಕೊತ್ತಲಗಳ ಅರ್ಧಚಂದ್ರಾಕಾರದ ಕೋಟೆ ಎದ್ದಾಗಲೂ ಹಣ ನಗರದ್ದೇ, ಮೇಲ್ವಿಚಾರಣೆಯೂ ನಗರದ್ದೇ. ಕೊಡುವವನೂ ಕಟ್ಟಿಸುವವನೂ ಒಬ್ಬನೇ ಆದಾಗ ಕಂತು ಕಳೆದುಹೋಗಲು ನಡುವೆ ಜಾಗ ಕಡಿಮೆ.

ಯುದ್ಧಕಾಲದ ಅಗೆತವನ್ನೂ ಇದರೊಂದಿಗೆ ಹೋಲಿಸಬೇಕು. ಮಾರಿಸ್ ತನ್ನ ಸೈನಿಕರ ಕೈಗೇ ಗುದ್ದಲಿ ಕೊಟ್ಟ. ಅಗೆದದ್ದಕ್ಕೆ ಸಂಬಳದ ಮೇಲೆ ಬೇರೆ ಹಣ. 1629ರಲ್ಲಿ, ಮಾರಿಸ್‌ನ ನಂತರ ದಂಡನಾಯಕನಾದ ಫ್ರೆಡರಿಕ್ ಹೆನ್ರಿ ಡೆನ್ ಬಾಷ್ ನಗರಕ್ಕೆ ಮುತ್ತಿಗೆ ಹಾಕಿದಾಗ ಸುಮಾರು 40 ಕಿಲೋಮೀಟರ್ ಉದ್ದದ ಏರಿ ಎಬ್ಬಿಸಿ, ಡೊಮ್ಮೆಲ್ ಮತ್ತು ಆ (Aa) ಎಂಬ ಎರಡು ನದಿಗಳ ದಿಕ್ಕು ತಿರುಗಿಸಿ, ಒಳಗಿನ ಜೌಗಿನ ನೀರನ್ನು ಗಿರಣಿಗಳಿಂದ ಹೊರಹಾಕಿದರು. ಮೇ ತಿಂಗಳಲ್ಲಿ ಶುರುವಾದ ಮುತ್ತಿಗೆ ಸೆಪ್ಟೆಂಬರ್ 14ಕ್ಕೆ ಮುಗಿಯಿತು. ಆ ನಾಲ್ಕೂವರೆ ತಿಂಗಳಲ್ಲಿ ಒಂದು ವಾರ ಗುದ್ದಲಿ ನಿಂತರೂ ಇಡೀ ದಂಡಯಾತ್ರೆ ಮಣ್ಣುಪಾಲು. ದಂಡನಾಯಕನ ಎದುರಿನಲ್ಲಿ ಅಗೆದವನ ಹಣಕ್ಕೆ ಅವಸರವಿತ್ತು. ಶಾಂತಿಯ ಕಾಲದಲ್ಲಿ ಗಡಿಯಲ್ಲಿ ಏರಿ ತಿದ್ದುವವನ ಹಣಕ್ಕೆ ಯಾರಿಗೂ ಅವಸರವಿರಲಿಲ್ಲ.

ಓದುಗ, ಶಿವಮೊಗ್ಗ

ಇಷ್ಟು ದಿನ ಓದುತ್ತ ಮಾತ್ರ ಇದ್ದೆ. ಕೂಲಿಯವರು ಸುಮ್ಮನೆ ಸಹಿಸಿಕೊಂಡರೇ ಎಂಬುದನ್ನು ಯಾರೂ ಹೇಳಲಿಲ್ಲ. ಅವರ ಬಳಿ ಕೋವಿ ಇರಲಿಲ್ಲ ನಿಜ, ಆದರೆ ಕೆಲಸ ನಿಲ್ಲಿಸಬಹುದಿತ್ತಲ್ಲ?

ಇತಿಹಾಸ ಅಧ್ಯಾಪಕಿ, ಧಾರವಾಡ

ನಿಲ್ಲಿಸುತ್ತಿದ್ದರು. ಅದಕ್ಕೆ ಅವರ ನುಡಿಯಲ್ಲಿ ಒಂದು ಪದವೇ ಇತ್ತು: ಲಾವೈ. ಸಮುದ್ರದ ಒಡ್ಡು ಕಟ್ಟುವ ಕೂಲಿಯವರು 16ನೇ ಶತಮಾನದಲ್ಲೇ ಒಬ್ಬರಿಗೊಬ್ಬರು ಲಾವೈ ಎಂದು ಕೂಗಿ ಒಟ್ಟಾಗಿ ಗುದ್ದಲಿ ಕೆಳಗಿಡುತ್ತಿದ್ದರು. ಒಡ್ಡು ಕಟ್ಟುವವರು, ಕಾಲುವೆ ತೋಡುವವರು, ಕೋಟೆಯ ಏರಿ ಎಬ್ಬಿಸುವವರು ಬೇರೆ ಬೇರೆ ಕಸುಬಿನ ಜನರಲ್ಲ. ಅದೇ ತಂಡ, ಅದೇ ಮೇಸ್ತ್ರಿ, ಅದೇ ತಳ್ಳುಗಾಡಿ. ಇಂದು ಇಲ್ಲಿ, ನಾಳೆ ಅಲ್ಲಿ. ಒಡ್ಡಿನ ಕೆಲಸದಲ್ಲಿ ಲಾವೈಗೆ ಬಲವಿತ್ತು. ಉಬ್ಬರ ಬರುವ ಮುನ್ನ ಒಡ್ಡು ಮುಚ್ಚದಿದ್ದರೆ ಮಾಡಿದ್ದೆಲ್ಲ ಕೊಚ್ಚಿಹೋಗುತ್ತದೆ, ಹಾಗಾಗಿ ಮಾಲೀಕ ಬಗ್ಗುತ್ತಿದ್ದ. ಕೋಟೆಯ ಕೆಲಸದಲ್ಲಿ ಶತ್ರು ದೂರವಿದ್ದರೆ ಆ ಬಲವಿಲ್ಲ. ಸನಿಹದಲ್ಲೇ ಕಾವಲು ಪಡೆಯೂ ಇರುತ್ತಿತ್ತು ಎಂಬುದನ್ನು ಮರೆಯಬಾರದು.

ಗುತ್ತಿಗೆದಾರ, ದಾವಣಗೆರೆ

ಲಾವೈ ಮಾಡಲಾಗದಿದ್ದರೆ ಎದ್ದು ಹೋಗುವುದೊಂದೇ ದಾರಿ. ಬೇರೆ ಕಡೆ ಕೆಲಸವಿದ್ದಾಗ ಮಾತ್ರ ಅದು ದಾರಿ.

ಇತಿಹಾಸ ಅಧ್ಯಾಪಕಿ, ಧಾರವಾಡ

ಇತ್ತು, ಸರ್. ಆ ಶತಮಾನದ ಮೊದಲರ್ಧದಲ್ಲಿ ಧಾರಾಳವಾಗಿತ್ತು. ಸ್ಪೇನ್ ಜೊತೆ 1609ರಿಂದ 1621ರವರೆಗೆ ನಡೆದ ಕದನವಿರಾಮದ ಹೊತ್ತಿಗೆ ಆಮ್‌ಸ್ಟರ್‌ಡ್ಯಾಮ್‌ನ ವರ್ತಕರು ಬೇಮ್‌ಸ್ಟರ್ ಸರೋವರವನ್ನು ಬತ್ತಿಸಲು ಹಣ ಹೂಡಿದ್ದರು. ಸುಮಾರು 7,000 ಹೆಕ್ಟೇರ್ ನೆಲ 1612ರಲ್ಲಿ ಒಣಗಿತು. ಆಮೇಲೆ 1622ರಲ್ಲಿ ಪುರ್ಮರ್, 1626ರಲ್ಲಿ ವೋರ್ಮರ್, 1635ರಲ್ಲಿ ಸ್ಖೆರ್ಮರ್. 1632ರಿಂದ ನಗರ ನಗರಗಳ ನಡುವೆ ಕುದುರೆ ಎಳೆಯುವ ದೋಣಿಗಳ ಕಾಲುವೆಗಳನ್ನು ತೋಡಲಾಯಿತು. ಈ ಎಲ್ಲ ಕಡೆಯೂ ಹಣ ಹೂಡಿದವನಿಗೆ ಬೇಗ ನೆಲ ಬೇಕು, ಬೇಗ ಸುಂಕ ಬೇಕು. ಅಂಥ ಕಡೆ ಕೈಗೆ ನಗದು ಬೀಳುವಾಗ ಬಾಕಿ ಉಳಿಸುವ ಗಡಿ ಕೋಟೆಯ ಗುತ್ತಿಗೆದಾರನ ಬಳಿ ಅನುಭವಸ್ಥ ತಂಡ ಏಕೆ ನಿಂತೀತು? ಉಳಿದವರು ಹೋಗಲಾಗದವರು: ಸುತ್ತಲಿನ ಬಡ ರೈತರು, ಸಾಲದಲ್ಲಿದ್ದವರು, ಬಿಟ್ಟಿ ಕೆಲಸಕ್ಕೆ ಕರೆ ಬಂದ ಹಳ್ಳಿಯವರು.

ಸಿವಿಲ್ ಇಂಜಿನಿಯರ್, ಹುಬ್ಬಳ್ಳಿ

ಇದರ ಪರಿಣಾಮ 1672ರಲ್ಲಿ ಕಂಡಿತು ಎನ್ನಬಹುದೇ? ಆ ವರ್ಷದ ಜೂನ್ ಆರಂಭದಲ್ಲಿ ಫ್ರೆಂಚ್ ಸೈನ್ಯ ರೈನ್ ದಂಡೆಯ ಓರ್ಸೋಯ್, ರೈನ್‌ಬೆರ್ಗ್, ವೇಸೆಲ್, ಬ್ಯೂಡರಿಕ್ ಕೋಟೆಗಳನ್ನು ಕೆಲವೇ ದಿನಗಳಲ್ಲಿ ಹಿಡಿದುಬಿಟ್ಟಿತು. ಕೊನೆಗೆ ಹಾಲೆಂಡನ್ನು ಉಳಿಸಿದ್ದು ಕೋಟೆಯಲ್ಲ, ತಮ್ಮ ಹೊಲಗಳ ಮೇಲೆ ತಾವೇ ಬಿಟ್ಟುಕೊಂಡ ನೀರು.

ಇತಿಹಾಸ ಅಧ್ಯಾಪಕಿ, ಧಾರವಾಡ

ಎಚ್ಚರಿಕೆಯಿಂದ ಹೇಳಬೇಕು. ಆ ಕೋಟೆಗಳು ಬಿದ್ದದ್ದಕ್ಕೆ ಕಾವಲು ಪಡೆಯ ಕೊರತೆ, ಶತ್ರುವಿನ ಅಪಾರ ಸಂಖ್ಯೆ, ಒಳಗಿನ ರಾಜಕೀಯ ಒಡಕು ಎಲ್ಲವೂ ಕಾರಣ. ಆದರೆ ಸ್ಪೇನ್ ಜೊತೆಗಿನ 1648ರ ಶಾಂತಿಯ ನಂತರ ಗಡಿಯ ಏರಿಗಳಿಗೆ ಹಣ ಕೊಡಲು ಪ್ರಾಂತ್ಯಗಳು, ಅದರಲ್ಲೂ ಹಾಲೆಂಡ್, ಮನಸ್ಸು ಮಾಡದೆ ದುರಸ್ತಿ ನಿಂತುಹೋಗಿತ್ತು ಎಂಬುದು ಆ ಕಾರಣಗಳಲ್ಲಿ ಒಂದು. ಮಣ್ಣಿನ ಕೋಟೆ ಕಲ್ಲಿನಂತಲ್ಲ, ವರ್ಷ ವರ್ಷ ಕೈ ಬೇಡುತ್ತದೆ. ಇನ್ನೂ ಒಂದು ಸಂಗತಿ. ಈ ವ್ಯವಸ್ಥೆಯ ದೋಷ ಸಾಲ ಕೊಟ್ಟವರ ಬಾಗಿಲಿಗೆ ಬಂದದ್ದು ಬಹಳ ತಡವಾಗಿ, 1715ರಲ್ಲಿ. ಆಗ ಒಕ್ಕೂಟದ ಖಜಾನೆಯೇ ಒಂಬತ್ತು ತಿಂಗಳು ಬಾಗಿಲು ಮುಚ್ಚಿತು. ಒಕ್ಕೂಟದ ಸಾಲಪತ್ರ ಹೊಂದಿದವರಿಗೂ ಬಡ್ಡಿ ಸಿಗಲಿಲ್ಲ. ಅದು ಎಲ್ಲ ಇತಿಹಾಸದ ಪುಟಗಳಲ್ಲಿ ದೊಡ್ಡ ಘಟನೆಯಾಗಿ ದಾಖಲಾಗಿದೆ. ಕೋಟೆಯ ಕೂಲಿಯವರ ಪಾಲಿಗೆ ಅದೇ ಬಾಗಿಲು ಅದಕ್ಕೆ ನೂರು ವರ್ಷ ಮೊದಲಿನಿಂದಲೂ ಆಗಾಗ ಮುಚ್ಚುತ್ತಲೇ ಇತ್ತು.

ಚರ್ಚೆ ತೆರೆದವರು, ಐಂಡ್‌ಹೋವನ್

ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದಗಳು. ನಿನ್ನೆ ರಾತ್ರಿ ಇದನ್ನೆಲ್ಲ ಅಪ್ಪನಿಗೆ ಓದಿ ಹೇಳಿದೆ. ಸ್ಖಾಖ್ಟ್ ಲೆಕ್ಕವನ್ನು ಎರಡು ಸಲ ಕೇಳಿ ಬರೆದುಕೊಂಡರು. ನೀರು ತುಂಬಿದ ಗುಂಡಿಯನ್ನು ಹೇಗೆ ಅಳೆಯುತ್ತಿದ್ದರು ಎಂಬುದನ್ನು ಇಂಜಿನಿಯರ್ ಸರ್ ಹತ್ತಿರ ಮತ್ತೊಮ್ಮೆ ಕೇಳು ಎಂದರು. ಅವರ ಕಾಲುವೆಯ ಕೆಲಸದಲ್ಲಿ ಅಂಥ ಒಂದು ಅಳತೆಯಲ್ಲೇ ಅವರ ತಂಡದ ಹನ್ನೊಂದು ಜನರ ಹಣ ಹೋಯಿತಂತೆ.

ಸ್ಟೇಟ್ಸ್ ಜನರಲ್‌ನ 1576ರಿಂದ 1796ರವರೆಗಿನ ನಿರ್ಣಯಗಳು ಈಗ ಅಂತರ್ಜಾಲದಲ್ಲಿ ಹುಡುಕಲು ಸಿಗುತ್ತವೆ. ಹಳೆಯ ಡಚ್ ನನಗೆ ಪೂರ್ತಿ ಬಾರದು, ಆದರೆ ನನ್ನ ಜೊತೆ ಕೆಲಸ ಮಾಡುವ ಇಲ್ಲಿಯವರೊಬ್ಬರು ಸಹಾಯ ಮಾಡಲು ಒಪ್ಪಿದ್ದಾರೆ. ಮೊದಲಿಗೆ 1629ನೇ ವರ್ಷವನ್ನು ತೆಗೆದುಕೊಂಡು, ಕೋಟೆ ಕೆಲಸದ ಬಾಕಿಗಾಗಿ ಬಂದ ಅರ್ಜಿಗಳನ್ನೆಲ್ಲ ಒಂದೊಂದಾಗಿ ಕನ್ನಡದಲ್ಲಿ ಇಲ್ಲೇ ಬರೆಯುತ್ತೇನೆ. ಮೊತ್ತಗಳ ಲೆಕ್ಕವನ್ನು ದಾವಣಗೆರೆಯವರು ನೋಡಿಕೊಳ್ಳುವುದಾದರೆ ಮುಂದಿನ ಭಾನುವಾರ ಜನವರಿ ತಿಂಗಳಿನಿಂದ ಆರಂಭಿಸೋಣ.

ಗುತ್ತಿಗೆದಾರ, ದಾವಣಗೆರೆ

ನೋಡಿಕೊಳ್ಳುತ್ತೇನಮ್ಮ. ಗಿಲ್ಡರ್, ಸ್ಟೈವರ್ ಎರಡನ್ನೂ ಬೇರೆ ಬೇರೆ ಕಾಲಂನಲ್ಲಿ ಬರೆಯಿರಿ, ಅರ್ಜಿ ಕೊಟ್ಟ ದಿನ ಮತ್ತು ಹಣ ಮಂಜೂರಾದ ದಿನ ಎರಡೂ ಇರಲಿ.